ಹಾಡುವವರಿಲ್ಲದ ಪ್ಲೇಟು

ನನಗೆ ಹಾಡಲು ಬರುವುದಿಲ್ಲ. ಇದು ವಿನಯದ ಮಾತಲ್ಲ. ವಿನಯಕ್ಕೆ ಹಾಗೆಂದು, ಇನ್ನೆರಡು ಸಲ ಒತ್ತಾಯ ಮಾಡಿಸಿಕೊಂಡು, ಸೆರಗು ಸರಿಮಾಡಿಕೊಂಡು, ಆಮೇಲೆ ನಿಲ್ಲಿಸೆಂದರೂ ನಿಲ್ಲಿಸದೆ ಹಾಡುವ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನು ಆ ಪೈಕಿಯವಳಲ್ಲ. ನಾನು ಬಾಯಿ ತೆರೆದರೆ ಹಿತ್ತಿಲ ಕೊಟ್ಟಿಗೆಯ ಎಮ್ಮೆ ತಲೆಯೆತ್ತಿ ನೋಡುತ್ತಿತ್ತು, ತನ್ನ ಬಳಗದವರು ಯಾರೋ ಬಂದರೇನೋ ಎಂದು.

ನಮ್ಮ ಜನರಲ್ಲಿ ಇದು ಸಣ್ಣ ಕುಂದಲ್ಲ. ನಮ್ಮಲ್ಲಿ ಹೆಂಗಸರ ಹಾಡಿಲ್ಲದೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಮದುಮಗಳಿಗೆ ಎಣ್ಣೆ ಹಚ್ಚಲು ಒಂದು ಹಾಡು, ಅರಿಶಿನಕ್ಕೆ ಒಂದು, ಆರತಿಗೆ ಒಂದು, ಬೀಗರನ್ನು ಛೇಡಿಸಲು ಬೇರೆಯೇ ಒಂದು. ಪುರೋಹಿತರ ಮಂತ್ರ ಜಗಲಿಯಲ್ಲಿ, ಹೆಂಗಸರ ಹಾಡು ಬಾಗಿಲ ಹಿಂದೆ. ಎರಡೂ ಕೂಡಿದರೇ ಅದು ಮದುವೆ. ಆದ್ದರಿಂದ ಹೆಣ್ಣು ನೋಡಲು ಬಂದವರು ಶಿರಾ ತಿಂದು, ಚಹಾ ಕುಡಿದು, ಕವಳ ಹಾಕಿ ಬಾಯಿ ಕೆಂಪಾದ ಮೇಲೆ ಕೇಳುವ ಮೊದಲ ಮಾತು ಒಂದೇ: "ತಂಗೀ, ಒಂದು ಹಾಡು ಹೇಳು, ಕೇಳನ."

ಅಪ್ಪಯ್ಯ ಶಿರಸಿ ಪೇಟೆಯಲ್ಲಿ ಪುಸ್ತಕ, ಪಾಟಿ, ಕಡ್ಡಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಅಂಗಡಿಯ ಬೆನ್ನಿಗೇ ನಮ್ಮ ಮನೆ. ನಾನು ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಮೊದಲ ಸಲ ನೋಡಲು ಬಂದವರ ಮುಂದೆ ನಾನು ನಿಜವಾಗಿಯೂ ಹಾಡಿದೆ. ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದದ್ದನ್ನು ಕೆಮ್ಮು ಎಂದು ನಂಬಲು ನನ್ನ ತಾಯಿ, ಆಯಿ, ಬಹಳ ಪ್ರಯತ್ನಪಟ್ಟಳು. ಆ ಮನೆಯಿಂದ ಮತ್ತೆ ಸುದ್ದಿ ಬರಲಿಲ್ಲ.

ಎರಡನೆಯ ಸಲ ಮನೆಯವರೆಲ್ಲ ಸೇರಿ ಉಪಾಯ ಹೂಡಿದರು. ಸಿದ್ದಾಪುರದಿಂದ ಚಿಕ್ಕಮ್ಮನನ್ನು, ಅಂದರೆ ಆಯಿಯ ತಂಗಿಯನ್ನು, ಕರೆಸಿದರು. ಅವಳು ಹಾಡಿದರೆ ಅಡಿಗೆ ಭಟ್ಟರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಅಂಥ ಗಂಟಲು. ಹುಡುಗಿಗೆ ನಾಚಿಕೆ, ಒಳಗಿನಿಂದಲೇ ಹಾಡುತ್ತಾಳೆ ಎಂದು ಹೇಳುವುದು, ನಾನು ಬಾಗಿಲ ಹಿಂದೆ ನಿಲ್ಲುವುದು, ಅಡಿಗೆಮನೆಯಿಂದ ಚಿಕ್ಕಮ್ಮ ಹಾಡುವುದು. ಎಲ್ಲ ಹೇಳಿದಂತೆಯೇ ನಡೆಯಿತು. ಬಂದವರು ತಲೆದೂಗಿದರು, ಹುಡುಗ ಕಣ್ಣು ಮುಚ್ಚಿಕೊಂಡು ಕೇಳಿದ, ಅಲ್ಲಿಯೇ ಒಪ್ಪಿಗೆಯನ್ನೂ ಕೊಟ್ಟರು. ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ನನಗೆ ಎಲ್ಲಿತ್ತೋ ಸಿಟ್ಟು, ಹೊರಗೆ ಬಂದು ಹೇಳಿಬಿಟ್ಟೆ:

"ಹಾಡಿದ್ದು ಆನಲ್ಲ, ಚಿಕ್ಕಮ್ಮ."

ಆ ಸಂಬಂಧ ಅಂಗಳದಲ್ಲೇ ಮುರಿಯಿತು. ಅಪ್ಪಯ್ಯ ಕೂಗಾಡುವ ಜನವಲ್ಲ. ಕಂಬಕ್ಕೆ ಒರಗಿ ಕೂತು ನಿಧಾನವಾಗಿ ಹೇಳಿದರು: "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಹೇಳ್ತ. ನಮ್ದು ಒಂದೇ ಸುಳ್ಳಾಗಿತ್ತು. ಅದ್ನೂ ನೀನು ನಿಲ್ಲಲೆ ಬಿಟ್ಟಿದ್ದಿಲ್ಲೆ."

ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. ಮುಂದಿನ ಸಂಬಂಧವೂ ಹೀಗೆಯೇ ಆದರೆ ಎರಡನೇ ಮದುವೆಗೆ ಹೆಣ್ಣು ಕೇಳುತ್ತಿದ್ದ ಒಬ್ಬ ವರನಿಗೆ ಹೂಂ ಅನ್ನುವುದು. ಆ ಮನುಷ್ಯ ನನ್ನಪ್ಪನಿಗಿಂತ ಸ್ವಲ್ಪವೇ ಸಣ್ಣವನು. ಅವನ ಕಡೆಯವರು ಹಾಡಿನ ವಿಷಯ ಎತ್ತಿಯೇ ಇರಲಿಲ್ಲ. ಅಡಿಗೆ ಬಂದರೆ ಸಾಕು ಎಂದಿದ್ದರು. ಹಾಡು ಬಂದಿದ್ದರೆ ಎಂದು ಆ ದಿನ ಮೊದಲ ಬಾರಿಗೆ ಅತ್ತೆ. ಸುಳ್ಳು ಹೇಳಿ ಒಳ್ಳೆಯ ಮನೆ ಸೇರುವುದೋ, ನಿಜ ಹೇಳಿ ಅಲ್ಲಿಗೆ ಹೋಗಿ ಬೀಳುವುದೋ, ನನ್ನ ಮುಂದಿದ್ದದ್ದು ಇಷ್ಟೇ.

ಇಷ್ಟರಲ್ಲಿ ಮುಂಬಯಿಯಿಂದ ಸೋದರಮಾವ ಬಂದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷವಾಗುತ್ತ ಬಂದಿದ್ದರೂ ನಮ್ಮ ಕಡೆಯ ಹುಡುಗರು ಕೆಲಸ ಬೇಕೆಂದಾಗ ಮುಖ ಮಾಡುತ್ತಿದ್ದುದು ಮುಂಬಯಿಗೇ. ಮಾವ ಅಲ್ಲಿ ಬಂದರಿನಲ್ಲಿ ಗುಮಾಸ್ತನಾಗಿದ್ದ. ಬರುವಾಗ ಒಂದು ಸಣ್ಣ ಸೂಟ್‌ಕೇಸಿನಂಥ ಗ್ರಾಮಫೋನು ಪೆಟ್ಟಿಗೆ ತಂದ. ಮುಚ್ಚಳ ತೆಗೆದರೆ ಅದರಲ್ಲೇ ಸ್ಪೀಕರು. ಪ್ಲಗ್ಗು ಚುಚ್ಚಿದರೆ ತಿರುಗುತ್ತಿತ್ತು. ಕೀಲಿ ಕೊಡುವ ಕೆಲಸವಿಲ್ಲ, ಕಹಳೆಯೂ ಇಲ್ಲ. ಅದರ ಜೊತೆಗೆ ಒಂದೇ ಒಂದು ದೊಡ್ಡ ಪ್ಲೇಟು. ಹಡಗಿನಿಂದಿಳಿದ ಯಾರೋ ಪರದೇಶದ ಖಲಾಸಿಯ ಹತ್ತಿರ ಎರಡನ್ನೂ ಕೊಂಡಿದ್ದನಂತೆ. ಮುಂಬಯಿಯ ಚಾಳಿನಲ್ಲಿ ಅಕ್ಕಪಕ್ಕದವರು ಜಗಳಕ್ಕೆ ಬಂದರೆಂದು ನಮ್ಮಲ್ಲಿ ಬಿಟ್ಟುಹೋಗಲು ತಂದಿದ್ದ.

ಪ್ಲೇಟಿನ ಹೊದಿಕೆಯ ಮೇಲೆ ಬಣ್ಣದ ಚಿತ್ರವಿತ್ತು. ಹಿಂದೆ ನೀಲಿ ಸಮುದ್ರ. ಮುಂದೆ ಮರಳಿನ ಮೇಲೆ ಒಂದೇ ಥರದ ಗೆರೆ ಗೆರೆ ಅಂಗಿ ತೊಟ್ಟ ಐದು ಜನ ಹುಡುಗರು. ಮೂವರ ಕೈಯಲ್ಲಿ ಗಿಟಾರು, ಒಬ್ಬನ ಮುಂದೆ ಡ್ರಮ್ಮು, ಒಬ್ಬನ ಕೊರಳಲ್ಲಿ ಊದುವ ಹಿತ್ತಾಳೆ ವಾದ್ಯ. ಪಕ್ಕದಲ್ಲಿ ಆಳೆತ್ತರದ ಹಲಗೆಗಳನ್ನು ಸಾಲಾಗಿ ಮರಳಿಗೆ ನೆಟ್ಟಿದ್ದರು. ಅಪ್ಪಯ್ಯನ ತಾಯಿ, ನಮ್ಮ ಅಮ್ಮಮ್ಮ, ಕನ್ನಡಕ ಏರಿಸಿ ಅದನ್ನು ನೋಡಿಯೇ ನೋಡಿದಳು.

"ಇವು ಎಂತಕ್ಕೆ ಮಣೆ ನೆಟ್ಗಂಡು ನಿಂತಿದ್ದ? ಹಾಕ್ಕಂಡು ಕೂತ್ಗಳಲೆ ಬತ್ತಿಲ್ಯ?"

"ಅದು ಮಣೆ ಅಲ್ಲ ಅತ್ತೆ," ಎಂದ ಮಾವ. "ಅದ್ನ ಸಮುದ್ರದ ತೆರೆ ಮೇಲೆ ಹಾಕಿ, ಮೇಲೆ ನಿಂತ್ಕಂಡು ದಡಕ್ಕೆ ಬತ್ತ. ಅದೊಂದು ಆಟ. ಆ ಆಟದವರ ಸಂಗೀತ ಇದು."

"ಗೋಕರ್ಣದಲ್ಲಿ ಆನು ಸಮುದ್ರಕ್ಕೆ ಕೈ ಮುಗ್ದು ಮಿಂದ್ಕಂಡು ಬಂದಿದ್ದೆ. ಮೇಲೆ ಹತ್ತಿ ನಿಲ್ಲದು ಹೇಳಿದ್ರೆ ಎಂಥಾ ಸೊಕ್ಕು!" ಎಂದು ಅಮ್ಮಮ್ಮ ಕೆನ್ನೆ ಬಡಿದುಕೊಂಡಳು. ಆದರೆ ಮರುಗಳಿಗೆಯೇ ಅವಳ ಕಣ್ಣು ಅಂಗಿಗಳ ಮೇಲೆ ಬಿತ್ತು. ದೊಡ್ಡ ಮನೆಗಳಲ್ಲಿ ಹಬ್ಬಕ್ಕೆ ಒಂದು ತಾನು ಬಟ್ಟೆ ತಂದು ಇದ್ದಬದ್ದ ಮಕ್ಕಳಿಗೆಲ್ಲ ಅದರಲ್ಲೇ ಅಂಗಿ ಹೊಲಿಸುವುದು ನಮ್ಮಲ್ಲಿಯ ಪದ್ಧತಿ. ಹಾಗೆ ಹೊಲಿಸಿದ ಅಂಗಿ ಕಂಡರೆ ಇವರು ಒಂದೇ ಮನೆಯವರೆಂದು ಪೇಟೆಗೆಲ್ಲ ತಿಳಿಯುತ್ತಿತ್ತು. ಅಮ್ಮಮ್ಮ ತೀರ್ಮಾನ ಕೊಟ್ಟಳು: "ಅಣ್ಣತಮ್ಮಂದಿರೇಯ. ಪಾಲಾಗದ್ದ ಮನೆ. ಇವರ ಆಯಿಗೆ ಬುದ್ಧಿ ಇದ್ದು, ಒಂದೇ ತಾನಲ್ಲಿ ಐದೂ ಜನಕ್ಕೆ ಹೊಲ್ಸಿದ್ದು." ಮಾವ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ.

ಪ್ಲೇಟು ತಿರುಗಿತು. ಆಹಾ! ಏನೆಂದು ಹೇಳಲಿ? ಆ ಗಿಟಾರಿನ ದನಿ ಒದ್ದೆಯಾಗಿತ್ತು. ಬಾವಿಯೊಳಗೆ ತಲೆ ಹಾಕಿ ಕೂಗಿದರೆ ದನಿ ನೀರು ಮುಟ್ಟಿ ತಿರುಗಿ ಬರುತ್ತದಲ್ಲ, ಹಾಗೆ. ಮೇಲಿನಿಂದ ಒಂದು ತಂತಿ ಜರ್ರನೆ ಜಾರಿ ಬಂತು. ಅದರ ಬೆನ್ನಿಗೆ ಡ್ರಮ್ಮು ಬಿತ್ತು. ಆಮೇಲೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದಂತೆ ಸ್ವರಗಳು ಒಂದರ ಮೇಲೊಂದು ಚಟಚಟ ಹಾರಿದವು. ನನ್ನ ಮೈಮೇಲಿನ ಕೂದಲು ನೆಟ್ಟಗಾಯಿತು. ಎಲ್ಲರೂ ಹಾಡುವವನಿಗಾಗಿ ಕಾದೆವು. ಮೊದಲನೆಯದು ಮುಗಿಯಿತು, ಹಾಡುವವನು ಬರಲಿಲ್ಲ. ಎರಡನೆಯದು, ಮೂರನೆಯದು, ಪ್ಲೇಟಿನ ಒಂದು ಮಗ್ಗುಲೇ ಮುಗಿಯಿತು. ಯಾರೂ ಬಾಯಿ ಬಿಡಲಿಲ್ಲ.

"ಹಾಡು ಯಾರು ಹೇಳ್ತ?" ಎಂದು ನಾನು ಕೇಳಿದೆ.

"ಯಾರೂ ಇಲ್ಲೆ," ಎಂದ ಮಾವ. "ಇವ್ರದ್ದು ಬರೀ ಬಾರ್ಸದು."

ಐದು ಜನ ದೊಡ್ಡ ಹುಡುಗರು, ಹೊದಿಕೆಯ ಮೇಲೆ ಹಲ್ಲು ಕಿಸಿದು ನಿಂತವರು, ಒಬ್ಬರಿಗೂ ಹಾಡುವ ಉಸಾಬರಿ ಇಲ್ಲ! ಅದಕ್ಕಾಗಿ ಯಾರೂ ಅವರನ್ನು ಅಂಗಳದಿಂದ ಹಿಂದಕ್ಕೆ ಕಳಿಸಲಿಲ್ಲ. ಬದಲಿಗೆ ಸ್ಟುಡಿಯೋಕ್ಕೆ ಕರೆದು ಪ್ಲೇಟು ಮಾಡಿಸಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಪಕ್ಷದವರು ಲೋಕದಲ್ಲಿ ಎಲ್ಲೋ ಒಂದು ಕಡೆ ಇದ್ದಾರೆ, ಚೆನ್ನಾಗಿಯೇ ಇದ್ದಾರೆ ಎಂದು ತಿಳಿದಂತಾಯಿತು.

ಮಾವ ಮುಂಬಯಿಗೆ ಹೋದ ಮೇಲೆ ಪೆಟ್ಟಿಗೆ ನನ್ನದಾಯಿತು. ಅಂಗಡಿಗೆ ತಂದ ಕರೆಂಟನ್ನೇ ನಡುಮನೆಗೂ ಎಳೆದಿದ್ದರು. ಅಪ್ಪಯ್ಯ ಅಂಗಡಿಗೆ ಹೋದ ತಕ್ಷಣ ನಾನು ಪ್ಲೇಟು ಹಾಕುತ್ತಿದ್ದೆ. ಹೊದಿಕೆಯ ಬೆನ್ನಿಗೆ ಇಂಗ್ಲಿಷಿನಲ್ಲಿ ಹೆಸರುಗಳಿದ್ದವು. ನನಗೆ ಅವು ಸರಿಬರಲಿಲ್ಲ, ನನ್ನವೇ ಇಟ್ಟುಕೊಂಡೆ. ಮೊದಲನೆಯದು 'ದೇವಿಮನೆ ಘಾಟಿ ಇಳಿಯುವ ಬಸ್ಸು'. ಆ ಜಾರುವ ತಂತಿ ಕೇಳಿದರೆ ಕುಮಟೆಯ ಬಸ್ಸು ತಿರುವಿನಲ್ಲಿ ವಾಲಿದಾಗ ಹೊಟ್ಟೆಯಲ್ಲಾಗುವ ಗುಳುಗುಳು ಆಗುತ್ತಿತ್ತು. ಇನ್ನೊಂದು 'ಮಜ್ಜಿಗೆ ಕಡೆಯುವುದು', ಏಕೆಂದರೆ ಅದರ ಲಯಕ್ಕೆ ಕಡಗೋಲು ಎಳೆದರೆ ಬೆಣ್ಣೆ ಬೇಗ ಬರುತ್ತಿತ್ತು. ಒಂದು ಮಾತ್ರ ನಿಧಾನದ್ದು, ಮಧ್ಯಾಹ್ನ ಊಟವಾದ ಮೇಲಿನದು. ಅದಕ್ಕೆ 'ಅಮ್ಮಮ್ಮನ ಕವಳ' ಎಂದು ಹೆಸರು. ದೋಸೆ ಹಿಟ್ಟನ್ನು ಘಾಟಿ ಬಸ್ಸಿನ ಲಯಕ್ಕೆ ರುಬ್ಬಿ ಒಮ್ಮೆ ಗೋಡೆಗೆಲ್ಲ ಹಾರಿಸಿದೆ. ಆಯಿ ಬೈದಳು, ಬೈದುಬಿಟ್ಟು ತಾನೇ ಮಜ್ಜಿಗೆಯ ಮುಂದೆ ಕೂತಾಗ, "ಆ ಮಜ್ಜಿಗೆ ಕಡೆಯದು ಹಾಕೇ," ಎಂದಳು. ಒರಳು, ಕಡಗೋಲು, ಪೊರಕೆ, ಎಲ್ಲದಕ್ಕೂ ಆ ಅಣ್ಣತಮ್ಮಂದಿರು ಬಾರಿಸಿದರು. ಅಷ್ಟು ನಕ್ಕ ತಿಂಗಳುಗಳು ನಮ್ಮ ಮನೆಯಲ್ಲಿ ಹಿಂದೆ ಇರಲಿಲ್ಲ.

ಅಷ್ಟರಲ್ಲಿ ಮೂರನೆಯ ಸಂಬಂಧ ಬಂತು. ಹುಡುಗ ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಮನೆಯಲ್ಲಿ ನಗು ನಿಂತಿತು. ಚಿಕ್ಕಮ್ಮ ಮತ್ತೆ ಸಿದ್ದಾಪುರದಿಂದ ಬಂದಳು. ಎರಡು ದಿನ ಮುಂಚಿನಿಂದ ಕಾಳುಮೆಣಸಿನ ಕಷಾಯ ಕುಡಿಯತೊಡಗಿದಳು. ಉಪಾಯ ಹಳೆಯದೇ. ಅಪ್ಪಯ್ಯ ನನ್ನನ್ನು ಕರೆದು, ಸಿಟ್ಟಿಲ್ಲದೆ, ಬೇಡುವವರ ಹಾಗೆ ಹೇಳಿದರು: "ಬಾಗಿಲ ಹಿಂದೆ ನಿಂತ್ಗ. ಬಾಯಿ ಬಿಡಡ. ಅವು ಬಸ್ಸು ಹತ್ತವರಿಗೆ ಬಾಯಿ ಬಿಡಡ." ಅವರು ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಮೂವರು ಬಂದರು: ಹುಡುಗ, ಅವನ ತಂದೆ, ಅವನ ಸೋದರಮಾವ. ತಂದೆ ನೆಟ್ಟಗೆ ಕೂರುವ, ನೆಟ್ಟಗೆ ನೋಡುವ ಮನುಷ್ಯ. ಯಕ್ಷಗಾನವೆಂದರೆ ಪ್ರಾಣ, ಎಲ್ಲಿ ಮೇಳ ಬಂದರೂ ಮುಂದಿನ ಸಾಲಿನಲ್ಲಿ ಕೂತು ಕಡೆಯ ಮಂಗಳದವರೆಗೆ ನೋಡಿಯೇ ಏಳುವವರು ಎಂದು ಅಪ್ಪಯ್ಯ ವಿಚಾರಿಸಿ ತಿಳಿದಿದ್ದರು. ಸೋದರಮಾವನಿಗೆ ಬಸ್ಸಿನದೇ ಚಿಂತೆ. ಹುಡುಗ ಮಾತೇ ಆಡಲಿಲ್ಲ. ಶಿರಾ ಕೊಟ್ಟಾಗಲೂ ತಲೆಯಲ್ಲೇ ಸಾಕೆಂದ. ನಾನು ಅವನನ್ನು ನೋಡಿದ್ದು ಒಂದೇ ಸಲ. ಕಿವಿ ಸ್ವಲ್ಪ ದೊಡ್ಡದು. ನನಗೆ ಇಷ್ಟವಾದ. ಅದೇ ದೊಡ್ಡ ಸಂಕಟವಾಯಿತು; ಇಷ್ಟವಾಗದಿದ್ದರೆ ಏನಾದರೂ ಆಗಲೆಂದು ಬಿಡಬಹುದಿತ್ತು.

ಕವಳ ಹಾಕಿದ್ದಾಯಿತು. ತಂದೆ ಗಂಟಲು ಸರಿಪಡಿಸಿಕೊಂಡರು. "ತಂಗೀ, ಒಂದು ದೇವರ ಹಾಡು ಹೇಳು, ಕೇಳನ."

"ಕೂಸಿಗೆ ನಾಚ್ಕೆ, ಒಳಗಿಂದ ಹೇಳ್ತು," ಎಂದರು ಅಪ್ಪಯ್ಯ, ಗೋಡೆ ನೋಡುತ್ತ.

ನಾನು ನಡುಮನೆಗೆ ಬಂದೆ. ಅಡಿಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಸನ್ನದ್ಧಳಾಗಿ ನಿಂತು ನನ್ನ ಸನ್ನೆಗಾಗಿ ಕಾಯುತ್ತಿದ್ದಳು. ಬೇಡ ಅನ್ನಲು ಅಪ್ಪಯ್ಯನ ಮುಖ ಅಡ್ಡ ಬಂತು. ಹೂಂ ಅನ್ನಲು ಹುಡುಗನ ಆ ಕಿವಿ ಅಡ್ಡ ಬಂತು. ಜೀವಮಾನವಿಡೀ ಅವನು ಹಾಡು ಅಂದಾಗಲೆಲ್ಲ ಸಿದ್ದಾಪುರದಿಂದ ಚಿಕ್ಕಮ್ಮನನ್ನು ಕರೆಸುವುದೇ? ಬಾಯಿ ಬಿಡಬೇಡ ಎಂದಿದ್ದರು, ಬಿಡಲಿಲ್ಲ. ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿ ಪ್ಲೇಟಿನ ಮೇಲೆ ಮುಳ್ಳು ಇಟ್ಟೆ. ಇಟ್ಟು, ಹೊರಗೆ ಬಂದು ಕಂಬದ ಹತ್ತಿರ ಕೂತೆ.

ಘಾಟಿ ಬಸ್ಸು ಹೊರಟಿತು. ಸೋದರಮಾವ ಬೆಚ್ಚಿಬಿದ್ದು ಕವಳ ನುಂಗಿದ. ಅಪ್ಪಯ್ಯ ಕಣ್ಣು ಮುಚ್ಚಿದರು. ತಂದೆ ಮಾತ್ರ ಅಲುಗಾಡಲಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳಿದರು. ಸ್ವಲ್ಪ ಹೊತ್ತಿಗೆ ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು.

"ಪೀಠಿಕೆ ಚೊಲೋ ಇದ್ದು," ಎಂದರು. ಆಟ ಶುರುವಾಗುವ ಮೊದಲು ಚಂಡೆ ಮದ್ದಳೆ ಬಾರಿಸುವುದಿಲ್ಲವೇ, ಇದೂ ಹಾಗೆಯೇ, ಇದು ಮುಗಿದ ಮೇಲೆ ಹುಡುಗಿ ಹಾಡು ಎತ್ತುತ್ತಾಳೆ ಎಂದು ಅವರು ತಿಳಿದಿದ್ದರು.

ಒಂದು ಮುಗಿದು ಇನ್ನೊಂದಕ್ಕೆ ಮುನ್ನ ಸದ್ದು ನಿಂತಾಗಲೆಲ್ಲ ಅವರು ನನ್ನತ್ತ ತಿರುಗಿ, ಹೂಂ, ಎಂಬಂತೆ ನೋಡುವರು. ಅಷ್ಟರಲ್ಲಿ ಗಿಟಾರು ಮತ್ತೆ ಶುರುವಾಗುವುದು. ಸೋದರಮಾವ ಗಡಿಯಾರ ತೆಗೆದ. "ಭಾವ, ಬಸ್ಸಿನ ಹೊತ್ತಾತು."

"ಮಂಗಳ ಆಗ್ದೆ ಏಳಲಾಗ. ಇನ್ನೂ ಪೀಠಿಕೆ ನಡೀತಾ ಇದ್ದು."

ಆಗ ಅಮ್ಮಮ್ಮ ತಡೆಯಲಾರದೆ ಬಾಗಿಲಿಗೆ ಬಂದಳು. ಅತಿಥಿಗಳಿಗೆ ವಿವರ ಹೇಳುವುದು ತನ್ನ ಕರ್ತವ್ಯವೆಂದು ಅವಳಿಗೆ ತೋರಿರಬೇಕು. "ಬಾರ್ಸ್ತಾ ಇಪ್ಪವು ಐದು ಜನ ಅಣ್ಣತಮ್ಮಂದಿರು. ಒಂದೇ ಮನೆಯವು, ಇನ್ನೂ ಪಾಲು ಆಜಿಲ್ಲೆ," ಎಂದಳು.

ತಂದೆಯ ಮುಖ ಅರಳಿತು. "ಹೌದ? ಈ ಕಾಲದಲ್ಲಿ ಐದು ಜನ ಒಟ್ಟಿಗೆ ಇಪ್ಪದು ದೊಡ್ಡ ಮಾತು. ಅದ್ಕೇಯ ಇಷ್ಟು ಚೊಲೋ ಕೂಡಿ ಬತ್ತಾ ಇದ್ದು." ಚಿಕ್ಕಮ್ಮ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನೆಲಕ್ಕೆ ಕೂತದ್ದು ನನಗೆ ಕಂಡಿತು. ಅಂಥ ಗಳಿಗೆಯಲ್ಲೂ ನನಗೆ ನಗು ತಡೆಯುವುದು ಕಷ್ಟವಾಯಿತು.

ಆದರೆ ಮಗ್ಗುಲು ಎಷ್ಟು ಹೊತ್ತು ತಾನೇ ಓಡುತ್ತದೆ? ಕಡೆಯದೂ ಮುಗಿಯಿತು. ಮುಳ್ಳು ಒಳಗಿನ ಸುತ್ತಿಗೆ ಹೋಗಿ ಚರ್ ಚರ್ ಎನ್ನತೊಡಗಿತು. ತಂದೆ ಬೆನ್ನು ನೆಟ್ಟಗೆ ಮಾಡಿಕೊಂಡರು. "ಹಾಂ, ಈಗ ಹಾಡು."

ಒಳಗೆ ಚಿಕ್ಕಮ್ಮ ಎದ್ದು ನಿಂತಳು. ನಾನೊಮ್ಮೆ ತಿರುಗಿ ನೋಡಿದರೆ ಸಾಕಿತ್ತು, ಅವಳು ಎತ್ತಿಯೇ ಬಿಡುತ್ತಿದ್ದಳು. ಅಪ್ಪಯ್ಯ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಕಣ್ಣಲ್ಲಿದೆ. ಆ ಎರಡನೇ ಮದುವೆಯ ಮುದುಕನೂ ಕಣ್ಣ ಮುಂದೆ ಬಂದ. ಭಯವಾಯಿತು. ನಿಜವಾಗಿ ಭಯವಾಯಿತು.

"ಹಾಡು ಇಲ್ಲೆ ಮಾವ," ಎಂದೆ. "ಅದು ಅಷ್ಟೇಯ. ಅದ್ರಲ್ಲಿ ಯಾರೂ ಹಾಡ್ತ್ವಿಲ್ಲೆ. ಯಂಗೂ ಹಾಡಲೆ ಬತ್ತಿಲ್ಲೆ. ಒಳಗೆ ಚಿಕ್ಕಮ್ಮ ಇದ್ದು, ಅದು ಚೊಲೋ ಹಾಡ್ತು. ಅದು ಹಾಡಿದ್ರೆ ಆನು ಹಾಡಿದ್ದು ಹೇಳಿ ತಿಳ್ಕಳಡಿ."

ತಂದೆ ನನ್ನ ಕಡೆ ಪೂರ್ತಿ ತಿರುಗಿ ಕೂತರು. ಆಮೇಲೆ, ಗಂಭೀರವಾಗಿ, ನಿಜಕ್ಕೂ ತಿಳಿಯಬೇಕೆನ್ನುವವರಂತೆ ಕೇಳಿದರು: "ಹಂಗಾರೆ ಆರತಿ ಎತ್ತಕಾರೆ ಎಂತ ಮಾಡ್ತೆ?"

"ಆನು ಆರತಿ ಎತ್ತುತ್ತೆ. ಹಾಡು ಬಪ್ಪವು ಹಾಡ್ಲಿ."

ಸೋದರಮಾವ ಗಡಿಯಾರವನ್ನು ಜೇಬಿಗಿಳಿಸಿ ಏಳಲು ಸಿದ್ಧನಾಗಿ ಪಂಚೆ ಕೊಡವಿದ. ತಂದೆ ಮಗನ ಕಡೆ ತಿರುಗಿದರು. ಈ ಮೂವರೂ ಆ ವರ್ಷ ಎಷ್ಟೋ ಮನೆಗೆ ಹೋಗಿ, ಎಷ್ಟೋ ಹಾಡು ಕೇಳಿ ಬಂದವರು. ಹುಡುಗ ಎಲ್ಲಿಯೂ ತುಟಿ ಎರಡು ಮಾಡಿರಲಿಲ್ಲವಂತೆ. ಅವನು ತಂದೆಯನ್ನೂ ನೋಡಲಿಲ್ಲ, ಸೋದರಮಾವನನ್ನೂ ನೋಡಲಿಲ್ಲ. ನೇರವಾಗಿ ನನ್ನನ್ನೇ ನೋಡಿ ಹೇಳಿದ:

"ಅದ್ರದ್ದು ಇನ್ನೊಂದು ಮಗ್ಲು ಇದ್ದಲ, ಅದ್ನೂ ಹಾಕು."

ತಂದೆ ಮಗನನ್ನು ನೋಡಿದರು, ನನ್ನನ್ನು ನೋಡಿದರು, ಕವಳದ ತಬಕನ್ನು ತಮ್ಮತ್ತ ಎಳೆದುಕೊಂಡು ಸೋದರಮಾವನಿಗೆ ಹೇಳಿದರು: "ಕೂತ್ಗ. ಬಸ್ಸು ನಾಳೆಗೂ ಇದ್ದು."

ನಾನು ಒಳಗೆ ಹೋಗಿ ಪ್ಲೇಟನ್ನು ಮಗುಚಿ ಹಾಕಿದೆ.